ಮಿಡ್‌ನೈಟ್ ಮಾಸ್: ಬೆವ್ ಕೀನ್ ಇರುವ ಊರಿಗೆ ದೆವ್ವ ಬೇರೆ ಬೇಕೆ?

ನೆಟ್‌ಫ್ಲಿಕ್ಸ್‌ನ ಹಾರರ್ ಧಾರಾವಾಹಿ ‘ಮಿಡ್‌ನೈಟ್ ಮಾಸ್’ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ದೂರು ಒಂದೇ: ಮಾತು ಜಾಸ್ತಿಯಾಯಿತು. ದೆವ್ವ ನೋಡೋಣ ಅಂತ ಕೂತವರಿಗೆ ಪ್ರವಚನ ಸಿಗುತ್ತದೆ. ದೂರು ಸುಳ್ಳಲ್ಲ. ಆದರೆ ಇಷ್ಟೊಂದು ಮಾತಿನ ನಡುವೆ ಒಂದು ಜೀವ ಮಾತ್ರ ಬಾಯಿ ಬಿಡುವುದಿಲ್ಲ, ರೆಕ್ಕೆ ಇರುವ ಆ ಪ್ರಾಣಿ. ಏಳು ಕಂತು ಮುಗಿದರೂ ಅದು ಒಂದಕ್ಷರ ಆಡುವುದಿಲ್ಲ. ಅದು ಯಾರು, ಎಲ್ಲಿಂದ ಬಂತು, ಅದಕ್ಕೇನು ಬೇಕು, ಊರವರು ಏನು ಮಾಡಬೇಕು, ಇದನ್ನೆಲ್ಲ ಅದರ ಪರವಾಗಿ ಬೇರೆಯವರೇ ಹೇಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮಲ್ಲಿ ಗಾದೆ. ಇಲ್ಲಿ ದೇವರು ಸುಮ್ಮನೇ ಇದ್ದಾನೆ, ಕೊಡುವುದು ಕಸಿಯುವುದು ಎರಡೂ ಪೂಜಾರಿ ಮತ್ತು ಅವನ ಬಲಗೈಯಾದ ಬೆವ್ ಕೀನ್ ಅವರದ್ದೇ. ಕೆಡುಕು ಎಲ್ಲಿ ಕೂತಿರುತ್ತದೆ ಎಂಬ ಪ್ರಶ್ನೆಗೆ ಈ ಧಾರಾವಾಹಿ ಕೊಡುವ ಉತ್ತರ ಇದು. ಟಿವಿಗೆ ಬಂದ ಹಾರರ್ ಪೈಕಿ ಇಷ್ಟು ನಿಖರವಾದ ಉತ್ತರ ಕೊಟ್ಟದ್ದು ಬಹಳ ಕಡಿಮೆ.

ಮೊದಲು ಲೆಕ್ಕ. 2021ರ ಸೆಪ್ಟೆಂಬರ್ 24ಕ್ಕೆ ಏಳೂ ಕಂತು ಒಟ್ಟಿಗೆ ಬಂದವು. ಒಂದೊಂದೂ ಒಂದು ಗಂಟೆಯ ಆಸುಪಾಸು. ಕಥೆ ಏಳಕ್ಕೇ ಮುಗಿಯುತ್ತದೆ, ಮುಂದಿನ ಸೀಸನ್‌ಗಾಗಿ ಕೊನೆಯಲ್ಲಿ ಕೊಂಡಿ ಬಿಟ್ಟಿಲ್ಲ. ಕಂತುಗಳಿಗೆ ಬೈಬಲಿನ ಪುಸ್ತಕಗಳ ಹೆಸರು: ಆದಿಕಾಂಡದಿಂದ ಶುರುವಾಗಿ ಕೀರ್ತನೆ, ಜ್ಞಾನೋಕ್ತಿ, ಪ್ರಲಾಪ ದಾಟಿ ಪ್ರಕಟನೆಗೆ ಬಂದು ನಿಲ್ಲುತ್ತದೆ. ಏಳನ್ನೂ ನಿರ್ದೇಶಿಸಿದವರು ಮೈಕ್ ಫ್ಲ್ಯಾನಗನ್. ಚಿಕ್ಕಂದಿನಲ್ಲಿ ಚರ್ಚಿನ ಪೀಠಸೇವೆ (ಪೂಜೆಯ ಹೊತ್ತು ಗುರುಗಳಿಗೆ ನೆರವಾಗುವ ಕೆಲಸ) ಮಾಡಿದವರು, ಮುಂದೆ ಕುಡಿತ ಬಿಟ್ಟವರು. ಈ ಎರಡನ್ನೂ ಅವರು ಮುಚ್ಚಿಟ್ಟಿಲ್ಲ, ಎರಡೂ ಕಥೆಯೊಳಗೆ ಬಂದಿವೆ. 2016ರ ಅವರ ‘ಹಷ್’ ಸಿನಿಮಾದ ನಾಯಕಿ ಕಾದಂಬರಿಗಾರ್ತಿ, ಅವಳು ಬರೆದ ಪುಸ್ತಕದ ಹೆಸರು ‘ಮಿಡ್‌ನೈಟ್ ಮಾಸ್’. ಅಂದರೆ ಕಥೆ ಅಷ್ಟು ವರ್ಷ ಅವರ ತಲೆಯಲ್ಲಿ ಕೊಳೆತಿದೆ, ಒಳ್ಳೆಯ ಅರ್ಥದಲ್ಲೇ.

ಊರು ಕ್ರಾಕೆಟ್ ದ್ವೀಪ. ಜನಸಂಖ್ಯೆ 127. ಮೀನು ಹಿಡಿದು ಬದುಕುತ್ತಿದ್ದ ಊರು ಸಮುದ್ರದಲ್ಲಿ ತೈಲ ಸೋರಿದ ಮೇಲೆ ಕುಸಿದಿದೆ, ಅರ್ಧ ಮನೆಗಳು ಖಾಲಿ. ಹೊರಗಿನ ಜಗತ್ತಿಗೂ ಇದಕ್ಕೂ ಇರುವ ನಂಟು ಫೆರಿ ದೋಣಿ ಮಾತ್ರ. ಕುಡಿದು ಕಾರು ಓಡಿಸಿ ಒಬ್ಬ ಹುಡುಗಿಯ ಸಾವಿಗೆ ಕಾರಣನಾಗಿ ನಾಲ್ಕು ವರ್ಷ ಜೈಲಲ್ಲಿದ್ದ ರೈಲಿ ಫ್ಲಿನ್ ಊರಿಗೆ ವಾಪಸ್ ಬರುತ್ತಾನೆ. ಅದೇ ಹೊತ್ತಿಗೆ ಸೇಂಟ್ ಪ್ಯಾಟ್ರಿಕ್ಸ್ ಚರ್ಚಿಗೆ ಫಾದರ್ ಪಾಲ್ ಎಂಬ ಹೊಸ ಗುರುಗಳು ಬರುತ್ತಾರೆ. ಪುಣ್ಯಕ್ಷೇತ್ರಕ್ಕೆ ಹೋಗಿದ್ದ ವಯಸ್ಸಾದ ಮಾನ್ಸಿಂಜೊರ್ (ಹಿರಿಯ ಪಾದ್ರಿಗಳಿಗೆ ಕೊಡುವ ಬಿರುದು) ಪ್ರುಯಿಟ್ ಅವರಿಗೆ ಹುಷಾರಿಲ್ಲ, ಅವರು ಚೇತರಿಸಿಕೊಳ್ಳುವ ತನಕ ತಾನು ಎನ್ನುತ್ತಾರೆ. ಅವರ ಜೊತೆ ಒಂದು ದೊಡ್ಡ ಮರದ ಪೆಟ್ಟಿಗೆ.

ಇಲ್ಲಿಂದ ಮುಂದೆ ಕಥೆಯ ಗುಟ್ಟೆಲ್ಲ ಬಯಲು. ನೋಡಿಲ್ಲದವರು ನೇರ ಕೊನೆಯ ಮೂರು ಪ್ಯಾರಾಕ್ಕೆ ಹೋಗಿ. ಯಾವ ಕಂತನ್ನು ಹೇಗೆ ನೋಡಬೇಕು, ಯಾರು ನೋಡಬಾರದು ಅನ್ನುವುದು ಅಲ್ಲಿದೆ.

ಹಾರರ್ ಬರೆಯುವವರು ಸಾಮಾನ್ಯವಾಗಿ ಮಾಡುವ ಒಂದು ಕಸರತ್ತನ್ನು ಇಲ್ಲಿ ಕೈಬಿಟ್ಟಿದ್ದಾರೆ: ಕಂಡದ್ದು ನಿಜವೋ ಮನಸ್ಸಿನ ಭ್ರಮೆಯೋ ಅಂತ ಕೊನೆಯ ತನಕ ಎಳೆದಾಡಿಸುವುದು. ಇಲ್ಲಿ ಎರಡು ಭಯಗಳಿಗೆ ಎರಡು ಬೇರೆ ಲೆಡ್ಜರ್. ರೈಲಿಗೆ ರಾತ್ರಿ ಹಾಸಿಗೆಯ ಎದುರು ಸತ್ತ ಹುಡುಗಿ ಕಾಣುತ್ತಾಳೆ. ಮುಖದ ತುಂಬ ಗಾಜಿನ ಚೂರು, ಅದರ ಮೇಲೆ ಪೊಲೀಸ್ ಗಾಡಿಯ ಕೆಂಪು ನೀಲಿ ದೀಪ ಮಿನುಗುತ್ತದೆ. ಅವಳು ಅವನ ತಲೆಯೊಳಗೆ ಮಾತ್ರ ಇರುವವಳು, ಈ ಬಗ್ಗೆ ಧಾರಾವಾಹಿ ನಮ್ಮನ್ನು ಒಂದು ಕ್ಷಣವೂ ಗೊಂದಲಕ್ಕೆ ಕೆಡವುವುದಿಲ್ಲ. ರೆಕ್ಕೆಯ ಪ್ರಾಣಿ ಮಾತ್ರ ಇಟ್ಟಿಗೆ ಕಲ್ಲಿನಷ್ಟು ನಿಜ. ಅದು ಛಾವಣಿ ಮೇಲೆ ಇಳಿದರೆ ಸದ್ದಾಗುತ್ತದೆ, ಕಡಲತಡಿಯ ಬೆಕ್ಕುಗಳ ರಕ್ತ ಹೀರಿದರೆ ಬೆಳಿಗ್ಗೆ ಹೆಣಗಳು ಸಾಲಾಗಿ ಬಿದ್ದಿರುತ್ತವೆ. ಇಷ್ಟು ಸ್ಪಷ್ಟ ಮಾಡಿದ ಮೇಲೆ ನೋಡುವವರಿಗೆ ಉಳಿಯುವ ಪ್ರಶ್ನೆ ‘ಇದು ನಿಜವಾ’ ಎಂಬುದಲ್ಲ. ‘ಇದನ್ನು ಕಣ್ಣಾರೆ ಕಂಡ ಮೇಲೂ ಇವರು ಇದಕ್ಕೆ ಏನಂತ ಹೆಸರಿಡುತ್ತಾರೆ’ ಎನ್ನುವುದು.

ಹೆಸರಿಡುವವರು ಫಾದರ್ ಪಾಲ್. ಮೂರನೇ ಕಂತಿನ ಪಾಪನಿವೇದನೆಯಲ್ಲಿ ಅದು ತಿಳಿಯುತ್ತದೆ. ಇವರೇ ಮಾನ್ಸಿಂಜೊರ್ ಪ್ರುಯಿಟ್. ಮರೆವಿನ ಕಾಯಿಲೆ ಹಿಡಿದ ಮುದುಕ, ಊರವರು ಕೂಡಿಸಿಕೊಟ್ಟ ದುಡ್ಡಲ್ಲಿ ಯಾತ್ರೆಗೆ ಹೋಗಿ, ಡಮಾಸ್ಕಸ್ ದಾರಿಯಲ್ಲಿ ಮರಳ ಬಿರುಗಾಳಿಗೆ ಸಿಕ್ಕಿ ಒಂದು ಹಾಳು ಗುಹೆಗೆ ನುಗ್ಗುತ್ತಾರೆ. ಕತ್ತಲಲ್ಲಿ ಏನೋ ಮೈಮೇಲೆ ಬಿದ್ದು ರಕ್ತ ಕುಡಿಯುತ್ತದೆ, ಆಮೇಲೆ ತನ್ನದನ್ನೂ ಕುಡಿಸುತ್ತದೆ. ಬೆಳಿಗ್ಗೆ ನೋಡಿದರೆ ಮೂವತ್ತು ನಲವತ್ತು ವರ್ಷ ಉದುರಿ ಹೋಗಿದೆ. ಬಾವಲಿಯ ರೆಕ್ಕೆ, ಕತ್ತಲಲ್ಲಿ ಬೆಕ್ಕಿನ ಹಾಗೆ ಹೊಳೆಯುವ ಕಣ್ಣು, ರಕ್ತದ ದಾಹ. ಇಷ್ಟೆಲ್ಲ ಕಂಡ ಮನುಷ್ಯ ಅದನ್ನು ದೇವದೂತ ಅನ್ನುತ್ತಾನೆ. ಬೈಬಲಿನಲ್ಲಿ ದೇವದೂತ ಕಾಣಿಸಿಕೊಂಡಾಗಲೆಲ್ಲ ಜನ ಹೆದರುತ್ತಾರಲ್ಲ, ಹೆದರಿಕೆಯಾಯಿತು ಅಂದಮೇಲೆ ಇದೂ ದೇವದೂತನೇ ಇರಬೇಕು, ಇದು ಅವರ ತರ್ಕ. ಏಳು ಕಂತಲ್ಲಿ ‘ವ್ಯಾಂಪೈರ್’ ಎಂಬ ಪದ ಒಮ್ಮೆಯೂ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನು ನೋಡುಗರು ಮೊದಲ ಎರಡು ಕಂತಲ್ಲೇ ಹೇಳಿಬಿಟ್ಟಿರುತ್ತಾರೆ. ಪರದೆಯೊಳಗಿನವರಿಗೆ ಆ ಪದ ಹೊಳೆಯದೇ ಇರುವುದೇ ಹೊಟ್ಟೆಯಲ್ಲಿ ತಳಮಳ ಹುಟ್ಟಿಸುತ್ತದೆ.

ಕೆಡುಕು ಊರಿಗೆ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಬರವಣಿಗೆ ಒಂದು ಅಡುಗೆಯ ಕ್ರಮದಷ್ಟು ಕರಾರುವಾಕ್ಕಾಗಿ ಇಟ್ಟಿದೆ. ಬಲಿಪೂಜೆಯ (ಚರ್ಚಿನ ಮುಖ್ಯ ಪೂಜೆ, ಇಂಗ್ಲಿಷಿನ ‘ಮಾಸ್’) ದ್ರಾಕ್ಷಾರಸಕ್ಕೆ ಆ ಪ್ರಾಣಿಯ ರಕ್ತ ಬೆರೆಯುತ್ತದೆ. ಒಂದೊಂದು ಪೂಜೆಗೆ ಒಂದೊಂದು ಗುಟುಕು, ಅಷ್ಟೇ. ಮೊದಲು ಸಣ್ಣಪುಟ್ಟದ್ದು: ರೈಲಿಯ ಅಮ್ಮ ಆ್ಯನಿ ಕನ್ನಡಕ ಬಿಡುತ್ತಾಳೆ, ಅಪ್ಪ ಎಡ್‌ನ ಬೆನ್ನುನೋವು ಹೋಗುತ್ತದೆ. ಹಾಸಿಗೆ ಹಿಡಿದಿದ್ದ, ಮಗಳನ್ನೂ ಗುರುತಿಸದಿದ್ದ ಮಿಲ್‌ಡ್ರೆಡ್ ಅಜ್ಜಿ ಎದ್ದು ಓಡಾಡುತ್ತಾಳೆ. ಎರಡನೇ ಕಂತಿನ ಕೊನೆಗೆ ದೊಡ್ಡದು. ಗುಂಡೇಟಿಗೆ ಬೆನ್ನುಮೂಳೆ ಹೋಗಿ ವೀಲ್‌ಚೇರಿನಲ್ಲಿರುವ ಲೀಸಾ ಎಂಬ ಹುಡುಗಿಗೆ ಪರಮಪ್ರಸಾದ ಕೊಡಲು ಬಂದ ಫಾದರ್, ಕೈ ಚಾಚಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಾ, ಎದ್ದು ಬಂದು ತಗೋ. ಚರ್ಚಿನಲ್ಲಿ ಕೂತವರಿಗೆ ಮೈ ಉರಿಯುತ್ತದೆ, ಇದೆಂಥ ಕ್ರೌರ್ಯ ಅನ್ನಿಸುತ್ತದೆ. ಆಮೇಲೆ ಅವಳು ಎದ್ದು ನಿಲ್ಲುತ್ತಾಳೆ.

ಈ ದೃಶ್ಯದ ಜಾಣತನ ಅದರ ಮುಂದಿನ ಪರಿಣಾಮದಲ್ಲಿದೆ. ಲೀಸಾಳ ಅಪ್ಪ ವೇಡ್ ಊರಿನ ಮೇಯರ್. ನಾಲ್ಕನೇ ಕಂತಲ್ಲಿ ಫಾದರ್ ಪಾಲ್ ದಾಹ ತಡೆಯಲಾಗದೆ ಕುಡುಕ ಜೋ ಕಾಲೀಯನ್ನು ಕೊಂದಾಗ ಹೆಣ ಸಾಗಿಸಲು ಕೈ ಜೋಡಿಸುವವನು ಇದೇ ವೇಡ್. ಅವನು ಕೆಟ್ಟವನಲ್ಲ. ಮಗಳು ನಡೆದಳು, ಸಾಲ ಹೊತ್ತವನು ಅವನು. ಉಪಕಾರದ ಭಾರ ಮನುಷ್ಯನ ಬಾಯಿಯನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಹಾರರ್ ಹುಡುಕುವುದು ಕಷ್ಟ. ಲೀಸಾಳಿಗೆ ಗುಂಡು ತಗುಲಿಸಿದವನೂ ಜೋ ಕಾಲೀಯೇ ಎನ್ನುವುದನ್ನು ಸೇರಿಸಿ ನೋಡಿ. ಮೂರನೇ ಕಂತಲ್ಲಿ ನಡೆಯಲು ಶುರು ಮಾಡಿದ ಆ ಹುಡುಗಿ ಅವನ ಟ್ರೇಲರ್ ಮನೆಯ ಬಾಗಿಲಿಗೆ ಹೋಗಿ, ನಿನ್ನನ್ನು ಎಷ್ಟು ದ್ವೇಷಿಸಿದ್ದೆ ಅಂತ ಒಂದೊಂದಾಗಿ ಹೇಳಿ, ಆಮೇಲೆ ಕ್ಷಮಿಸಿ ಬರುತ್ತಾಳೆ. ಅವನು ಕುಡಿತ ಬಿಡುವ ಸಭೆಗೆ ಬರಲು ಶುರು ಮಾಡುತ್ತಾನೆ. ಒಬ್ಬ ಮನುಷ್ಯ ನಿಜವಾಗಿಯೂ ರಿಪೇರಿಯಾಗುತ್ತಿದ್ದ, ಯಾವ ರಕ್ತದ ಸಹಾಯವೂ ಇಲ್ಲದೆ. ಅವನನ್ನೇ ತೆಗೆದರು.

ಮತ್ತು ಅದನ್ನು ಸರಿ ಎಂದು ಸಾಧಿಸಲು ಒಬ್ಬಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಬೆವ್ ಕೀನ್. ಸಮಾಂಥಾ ಸ್ಲೋಯನ್ ಮಾಡಿರುವ ಈ ಪಾತ್ರ ಸಿಗದೇ ಹೋಗಿದ್ದರೆ ಧಾರಾವಾಹಿ ಒಂದು ಚೆಂದದ ರಕ್ತಪಿಪಾಸು ಕಥೆಯಾಗಿ ಮುಗಿಯುತ್ತಿತ್ತು. ಚರ್ಚಿನ ಕೆಲಸಕಾರ್ಯವೆಲ್ಲ ನೋಡಿಕೊಳ್ಳುವವಳು, ಶಾಲೆಯಲ್ಲೂ ಇವಳದ್ದೇ ಕಾರುಬಾರು. ಮೊದಲ ಕಂತಲ್ಲೇ ಇವಳನ್ನು ಪೂರ್ತಿ ಕಟ್ಟಿಕೊಡುವ ಒಂದು ಸಣ್ಣ ಪ್ರಸಂಗವಿದೆ. ಹೊಸ ಗುರುಗಳು ಮೊದಲ ಪೂಜೆಗೆ ಬಂಗಾರ ಬಣ್ಣದ ಪೂಜಾವಸ್ತ್ರ ಹಾಕಿಕೊಂಡು ಬರುತ್ತಾರೆ. ಪೂಜೆ ಮುಗಿದ ಮೇಲೆ ಬೆವ್ ನಗುನಗುತ್ತಲೇ ನೆನಪಿಸುತ್ತಾಳೆ: ಇದು ಸಾಧಾರಣ ಕಾಲ (ದೊಡ್ಡ ಹಬ್ಬಗಳಿಲ್ಲದ ದಿನಗಳು), ಹಸಿರು ಹಾಕಬೇಕಿತ್ತಲ್ಲ. ಕನ್ನಡದಲ್ಲಿ ಬಲಿಪೂಜೆ ಕೇಳಿ ಬೆಳೆದವರಿಗೆ ಈ ಜಾತಿಯ ವ್ಯಕ್ತಿ ತಕ್ಷಣ ಗುರುತು ಸಿಗುತ್ತದೆ, ಉಳಿದವರಿಗೂ ಸಿಗುತ್ತದೆ. ಎಲ್ಲ ದೇವಸ್ಥಾನದಲ್ಲೂ, ಎಲ್ಲ ಮಠದಲ್ಲೂ, ಅಪಾರ್ಟ್‌ಮೆಂಟಿನ ಗಣೇಶೋತ್ಸವ ಸಮಿತಿಯಲ್ಲೂ ಒಬ್ಬರು ಬೆವ್ ಇದ್ದೇ ಇರುತ್ತಾರೆ. ನಿಯಮ ಬಾಯಿಪಾಠ, ಕರುಣೆಗೆ ಮಾತ್ರ ಪುರುಸೊತ್ತಿಲ್ಲ.

ಗಮನಿಸಬೇಕಾದ್ದು, ಬೆವ್ ಕೆಡಲು ಆ ಪೆಟ್ಟಿಗೆ ಬರಬೇಕಾಗಿರಲಿಲ್ಲ. ತೈಲ ಕಂಪನಿ ಕೊಟ್ಟ ಪರಿಹಾರ ಒಪ್ಪಿಕೊಳ್ಳಿ, ಅದರಲ್ಲಿ ಚರ್ಚಿಗೂ ಕೊಡಿ ಅಂತ ಊರವರನ್ನು ಒಪ್ಪಿಸಿದವಳು ಅವಳು. ಆ ದುಡ್ಡಲ್ಲಿ ಎದ್ದದ್ದು ಒಂದು ಸಮುದಾಯ ಭವನ, ಊರು ಮಾತ್ರ ಮೊದಲಿನಷ್ಟೇ ಬಡವಾಗಿದೆ. ಎರಡನೇ ಕಂತಿನ ಊರೂಟದಲ್ಲಿ ಜೋ ಕಾಲೀಯ ನಾಯಿ ವಿಷ ತಿಂದು ನರಳಿ ಸಾಯುತ್ತದೆ. ಬೆರಳು ಯಾರ ಕಡೆ ತೋರಿಸಬೇಕೆಂದು ಅಲ್ಲಿದ್ದವರಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ. ಇಲಿಪಾಷಾಣ ಅಲ್ಲಿಗೇ ಮುಗಿಯುವುದಿಲ್ಲ. ಆರನೇ ಕಂತಲ್ಲಿ ಅದು ವಾಪಸ್ ಬರುತ್ತದೆ, ಆ ಸಲ ಕುಡಿಯುವವರು ಮನುಷ್ಯರು. ಮೊದಲು ನಾಯಿಯ ಮೇಲೆ ಪ್ರಯೋಗ ಮಾಡಿ ಯಾರೂ ಕೇಳದಿದ್ದರೆ ಮುಂದಕ್ಕೆ ಹೋಗಬಹುದು ಎಂಬ ಲೆಕ್ಕವನ್ನು ಧಾರಾವಾಹಿ ಬಾಯಿಬಿಟ್ಟು ಹೇಳುವುದಿಲ್ಲ, ಸಾಮಾನನ್ನು ಮಾತ್ರ ಎರಡು ಕಡೆ ಇಡುತ್ತದೆ.

ಬೆವ್‌ಳ ನಿಜವಾದ ಪ್ರತಿಭೆ ನೋಡಬೇಕಾದರೆ ಮೂರನೇ ಕಂತಿನ ಶಾಲೆಯ ಸಭೆ ನೋಡಿ. ಸರ್ಕಾರಿ ಶಾಲೆಯ ತರಗತಿಯಲ್ಲಿ ಅವಳು ಬೈಬಲ್ ಹಂಚಿದ್ದಾಳೆ. ಊರಿನ ಪೊಲೀಸ್ ಅಧಿಕಾರಿ ಶೆರಿಫ್ ಹಸನ್ (ರಾಹುಲ್ ಕೊಹ್ಲಿ) ಎದ್ದು, ನನ್ನ ಮಗನೂ ಇಲ್ಲಿ ಓದುತ್ತಾನೆ, ಹೀಗೆ ಮಾಡಬಾರದು ಎನ್ನುತ್ತಾನೆ. ದನಿ ಏರಿಸುವುದಿಲ್ಲ, ಇಡೀ ಊರಲ್ಲಿ ಮುಸಲ್ಮಾನರೆಂದರೆ ಅವನು ಮತ್ತು ಮಗ ಇಬ್ಬರೇ, ದನಿ ಏರಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಬೆವ್ ಕೋಪಿಸಿಕೊಳ್ಳುವುದಿಲ್ಲ. ಅವನ ಧರ್ಮದ ಬಗ್ಗೆ ಗೌರವದ ಮಾತೇ ಆಡುತ್ತಾಳೆ, ಪ್ರತಿ ಗೌರವದ ಮಾತಿನ ಬಾಲಕ್ಕೆ ಒಂದು ಮುಳ್ಳು. ಎರಡು ನಿಮಿಷದಲ್ಲಿ ದೂರು ಕೊಟ್ಟವನೇ ಅಸಹನೆಯವನು ಎಂಬಂತಾಗುತ್ತದೆ. ರಕ್ತದ ಹನಿಯಿಲ್ಲ, ಕತ್ತಲಿಲ್ಲ, ಟ್ಯೂಬ್‌ಲೈಟ್ ಬೆಳಕಿನ ಕೋಣೆ, ಪ್ಲಾಸ್ಟಿಕ್ ಕುರ್ಚಿ. ಇಡೀ ಧಾರಾವಾಹಿಯಲ್ಲಿ ಅತಿ ಹೆಚ್ಚು ಹೆದರಿಸುವ ದೃಶ್ಯ ಇದೇ.

ಸಂತ ಆಗಸ್ಟೀನ್ ಬಹಳ ಹಿಂದೆ ಒಂದು ಮಾತು ಇಟ್ಟಿದ್ದರು: ಕೆಡುಕಿಗೆ ಸ್ವಂತ ಇರವಿಲ್ಲ, ಒಳ್ಳೆಯದು ಇರಬೇಕಾದ ಕಡೆ ಇಲ್ಲದಿರುವುದೇ ಕೆಡುಕು. ಫ್ಲ್ಯಾನಗನ್ ಅವರ ಪ್ರಾಣಿಯನ್ನು ಈ ಕಣ್ಣಿಂದ ನೋಡಿದರೆ ಅದು ಬರಿ ಹಸಿವು. ಹುಲಿಗೆ ಇರುವಷ್ಟೇ ಪಾಪಪುಣ್ಯ ಅದಕ್ಕಿದೆ. ಅದಕ್ಕೆ ಯೋಜನೆಯಿಲ್ಲ, ಶತ್ರುಗಳಿಲ್ಲ, ವಾದವಿಲ್ಲ. ಬೆವ್‌ಗೆ ಎಲ್ಲವೂ ಇದೆ. ಇನ್ನು ಇವರಿಬ್ಬರ ನಡುವೆ ನಿಲ್ಲುವ ಫಾದರ್ ಪಾಲ್ ಪಾತ್ರವನ್ನು ಹೇಮಿಶ್ ಲಿಂಕ್ಲೇಟರ್ ಎಷ್ಟು ಆಪ್ತವಾಗಿ ಮಾಡಿದ್ದಾರೆಂದರೆ, ಕೊಲೆ ಮಾಡಿದ ಮೇಲೂ ಆತನ ಮೇಲೆ ಪ್ರೀತಿ ಹೋಗುವುದಿಲ್ಲ. ಪ್ರಬೋಧನೆ ಕೊಡುವಾಗ ಮಾತು ತಡವರಿಸುತ್ತದೆ, ಪದ ಹುಡುಕಿ ನಗುತ್ತಾರೆ, ಆಮೇಲೆ ಇದ್ದಕ್ಕಿದ್ದಂತೆ ದನಿ ಏರುತ್ತದೆ. ಅವರ ಒಳಗುಟ್ಟು ಕೊನೆಯ ಕಂತಿಗೆ ಗೊತ್ತಾಗುತ್ತದೆ. ಮಿಲ್‌ಡ್ರೆಡ್ ಅವರ ಹಳೆಯ ಪ್ರೇಮ, ಅವಳ ಮಗಳು, ಊರಿನ ಡಾಕ್ಟರ್ ಸಾರಾ, ಇವರಿಗೇ ಹುಟ್ಟಿದವಳು. ಆ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ಸಮುದ್ರ ದಾಟಿಸಿದ್ದು ದೇವರಿಗಾಗಿ ಅಲ್ಲವೇ ಅಲ್ಲ. ಕಳೆದುಹೋದ ಸಂಸಾರಕ್ಕೆ ಇನ್ನೊಂದು ಅವಕಾಶ ಬೇಕಿತ್ತು. ಅದಕ್ಕೆ 127 ಜನರ ಊರನ್ನು ಒತ್ತೆಯಿಟ್ಟರು, ಮೇಲೆ ಸುವಾರ್ತೆಯ ಹೊದಿಕೆ ಹಾಕಿದರು.

ಚರ್ಚಿನ ಪಂಚಾಂಗವನ್ನು ಬಳಸಿದ ರೀತಿಗೆ ಪ್ರತ್ಯೇಕ ಅಂಕ ಕೊಡಬೇಕು. ಬೂದಿ ಬುಧವಾರದಿಂದ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು) ದಾಟಿ ಶುಭ ಶುಕ್ರವಾರ, ಅಲ್ಲಿಂದ ಪಾಸ್ಖ ಅಂದರೆ ಈಸ್ಟರ್ ಹಬ್ಬದ ರಾತ್ರಿ ಜಾಗರಣೆ. ಹೆಸರಿನ ನಡುರಾತ್ರಿಯ ಪೂಜೆ ಅದೇ. ಸಾಮಾನ್ಯ ಹಾರರ್ ಕಥೆಯಲ್ಲಿ ‘ಮುಂದೇನು’ ಎಂಬ ಒತ್ತಡ ತರಲು ಗಡಿಯಾರವೋ ಹುಣ್ಣಿಮೆಯೋ ಬೇಕಾಗುತ್ತದೆ. ಇಲ್ಲಿ ಹಬ್ಬ ಹತ್ತಿರ ಬಂದಂತೆ ಎದೆ ಹೊಡೆದುಕೊಳ್ಳುತ್ತದೆ. ಸ್ತೋತ್ರಗೀತೆಗಳನ್ನು ಸಂಗೀತ ಕೊಟ್ಟ ನ್ಯೂಟನ್ ಬ್ರದರ್ಸ್ ಹಿನ್ನೆಲೆ ಸಂಗೀತದಂತೆಯೇ ಬಳಸಿದ್ದಾರೆ, ಊರವರೇ ಹಾಡುವ ಸಾದಾ ದನಿಯಲ್ಲಿ. ನಾಲ್ಕನೇ ಕಂತಿನ ನಂತರ ಅದೇ ದನಿ ಕೇಳಿದರೆ ಮೈ ಜುಂ ಅನ್ನುತ್ತದೆ.

ಆರನೇ ಕಂತಿನ ಜಾಗರಣೆ ಪೂಜೆ ಸುಮಾರು ಜನರಿಗೆ ಜೋನ್ಸ್‌ಟೌನ್ ನೆನಪಿಸುತ್ತದೆ, ನೆನಪಿಸಲೇಬೇಕು. 1978ರ ನವೆಂಬರ್‌ನಲ್ಲಿ ಗಯಾನಾದಲ್ಲಿ ಅಮೆರಿಕದ ಒಂದು ಧಾರ್ಮಿಕ ಪಂಥ ಕಟ್ಟಿಕೊಂಡಿದ್ದ ಆ ವಸಾಹತಿನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಹಣ್ಣಿನ ರುಚಿಯ ಪಾನೀಯಕ್ಕೆ ಸಯನೈಡ್ ಬೆರೆಸಿ ಕುಡಿಸಲಾಗಿತ್ತು, ಮೊದಲು ಮಕ್ಕಳಿಗೆ. ಇಲ್ಲಿ ಚರ್ಚಿನ ಬಾಗಿಲು ಮುಚ್ಚಿ ವಿಷದ ಕಪ್ ಹಂಚುತ್ತಾರೆ. ವಾರಗಟ್ಟಲೆ ಆ ರಕ್ತ ಒಳಗೆ ಹೋಗಿರುವುದರಿಂದ ಸತ್ತವರು ಮತ್ತೆ ಏಳುತ್ತಾರೆ, ಅದನ್ನೇ ಪುನರುತ್ಥಾನ ಅಂತ ಬಿಂಬಿಸುವುದು. ಮೊದಲು ಕುಡಿಯುವವನು ಬೆವ್‌ಳ ಬಂಟ ಸ್ಟರ್ಜ್. ಅವನು ಎಲ್ಲರ ಕಣ್ಣೆದುರೇ ಒದ್ದಾಡಿ ಸಾಯುತ್ತಾನೆ, ಎದ್ದು ಕೂರುತ್ತಾನೆ. ಕ್ಯಾಮೆರಾ ರಾಕ್ಷಸನಿಗಿಂತ ಜಾಸ್ತಿ ಹೊತ್ತು ಬೆಂಚುಗಳ ಮೇಲೆ ಕೂತವರ ಮುಖ ನೋಡುತ್ತದೆ. ಗಂಡ ಹೆಂಡತಿಯ ಮುಖ ನೋಡುತ್ತಾನೆ, ಪಕ್ಕದವರು ಕುಡಿದರಾ ಅಂತ ಕಣ್ಣು ಓಡುತ್ತದೆ. ಕುಡಿದವರಲ್ಲಿ ಅರ್ಧ ಜನ ನಂಬಿ ಕುಡಿದವರು, ಇನ್ನರ್ಧ ಒಬ್ಬರೇ ಉಳಿಯಬಾರದೆಂದು ಕುಡಿದವರು. ಆಮೇಲೆ ಬಂಗಾರದ ಪೂಜಾವಸ್ತ್ರ ತೊಟ್ಟ ಆ ಪ್ರಾಣಿ ನಡುವಿನ ಹಾದಿಯಲ್ಲಿ ನಡೆದು ಬರುವುದು ನೋಡಿ. ಮೊದಲ ಕಂತಿನ ಬಣ್ಣದ ತಕರಾರು ನೆನಪಿದ್ದವರಿಗೆ ಒಂದು ಕಹಿ ನಗು ಬರುತ್ತದೆ. ಪಾಸ್ಖದ ರಾತ್ರಿಗೆ ಬಂಗಾರ ಸರಿಯಾದ ಬಣ್ಣ.

ಕೊನೆಯ ಕಂತಲ್ಲಿ ಬೆವ್ ಇನ್ನೊಂದು ಲೆಕ್ಕ ಹಾಕುತ್ತಾಳೆ. ಬದಲಾದವರು ಸೂರ್ಯನ ಬೆಳಕಿಗೆ ಸುಟ್ಟು ಹೋಗುತ್ತಾರೆ. ಊರಿನ ಮನೆಗಳನ್ನೆಲ್ಲ ಸುಟ್ಟುಬಿಟ್ಟರೆ ಬೆಳಗಾಗುವಾಗ ನೆರಳಿರುವುದು ಚರ್ಚು ಮತ್ತು ಸಮುದಾಯ ಭವನಕ್ಕೆ ಮಾತ್ರ. ಒಳಗೆ ಯಾರು, ಹೊರಗೆ ಯಾರು ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವವಳು ಅವಳು. ಉಳಿದ ನಾಲ್ಕು ಜನ ಆ ಎರಡು ಕಟ್ಟಡಕ್ಕೂ ಬೆಂಕಿ ಹಾಕಿಬಿಟ್ಟರೆ ಕಥೆ ಮುಗಿಯಿತು. ಇಷ್ಟು ಸರಳ ಯಂತ್ರ, ಎಲ್ಲೂ ಜಾರುವುದಿಲ್ಲ.

ಜಾರುವ ಕಡೆಗಳೂ ಇವೆ. ಮೊದಲನೆಯದು ಮೇಕಪ್. ಕಥೆಗೆ ಮುದುಕರು ಹರೆಯದವರಾಗಬೇಕು, ಹಾಗಾಗಿ ಹರೆಯದ ನಟರಿಗೇ ವಿಗ್ ಮತ್ತು ಸುಕ್ಕಿನ ಚರ್ಮ ಅಂಟಿಸಿ ಮುದುಕರನ್ನಾಗಿ ಮಾಡಿದ್ದಾರೆ. ಮಿಲ್‌ಡ್ರೆಡ್ ಪಾತ್ರದ ಅಲೆಕ್ಸ್ ಎಸ್ಸೋ ಅವರನ್ನು ಮೊದಲ ಸಲ ಕಂಡಾಗಲೇ, ಕೆನ್ನೆಯ ಹತ್ತಿರ ಚರ್ಮ ಮಾತಿನ ಜೊತೆ ಅಲುಗದಿರುವುದು ಕಣ್ಣಿಗೆ ಹೊಡೆಯುತ್ತದೆ. ಹೆನ್ರಿ ಥಾಮಸ್ ಮತ್ತು ಕ್ರಿಸ್ಟಿನ್ ಲೇಮನ್ ರೈಲಿಯ ಅಪ್ಪ ಅಮ್ಮನಾಗಿ ಕಾಣುವುದೂ ಇಂಥದ್ದೇ. ಪರಿಣಾಮ, ಇವರು ಮುಂದೆ ಎಳೆಯರಾಗುತ್ತಾರೆ ಎಂಬ ಗುಟ್ಟು ಮೊದಲ ಕಂತಲ್ಲೇ ಸೋರುತ್ತದೆ. ಎರಡು ವಯಸ್ಸಿಗೆ ಇಬ್ಬರು ನಟರನ್ನು ತಂದಿದ್ದರೆ ಸೋರುತ್ತಿರಲಿಲ್ಲ, ಆದರೆ ಒಂದೇ ಮುಖ ದಿನದಿನಕ್ಕೆ ತಿಳಿಯಾಗುವ ಪರಿ ಸಿಗುತ್ತಿರಲಿಲ್ಲ. ಅವರ ಆಯ್ಕೆ ಅರ್ಥವಾಗುತ್ತದೆ, ಅಂಟು ಅರ್ಥವಾಗುವುದಿಲ್ಲ.

ಎರಡನೆಯದು ಮಾತು. ಎಲ್ಲ ಮಾತೂ ಒಂದೇ ತೂಕದ್ದಲ್ಲ. ಖಾಲಿ ಸಮುದಾಯ ಭವನದಲ್ಲಿ ಎದುರುಬದುರು ಕುರ್ಚಿ ಹಾಕಿಕೊಂಡು ಫಾದರ್ ಪಾಲ್ ಮತ್ತು ರೈಲಿ ನಡೆಸುವ ಕುಡಿತ ಬಿಡುವ ಸಭೆಗಳಲ್ಲಿ ಮಾತೇ ಕುಸ್ತಿ. ದೇವರು ಇದ್ದರೆ ನೋವು ಯಾಕೆ ಎಂದು ಒಬ್ಬ, ನೋವಿನಿಂದಲೇ ಏನೋ ಹುಟ್ಟುತ್ತದೆ ಎಂದು ಇನ್ನೊಬ್ಬ. ಎಡಿಟಿಂಗ್ ಅವಸರ ಮಾಡುವುದಿಲ್ಲ, ಯಾರು ಸೋತರು ಎಂದು ಮುಖ ಓದಿ ತಿಳಿಯಬೇಕು. ನಾಲ್ಕನೇ ಕಂತಲ್ಲಿ ರೈಲಿ ಮತ್ತು ಅವನ ಬಾಲ್ಯದ ಗೆಳತಿ ಎರಿನ್, ಸತ್ತ ಮೇಲೆ ಏನಾಗುತ್ತದೆ ಎಂದು ಸೋಫಾದ ಮೇಲೆ ಕೂತು ಆಡುವ ಮಾತೂ ನಿಲ್ಲುತ್ತದೆ, ಯಾಕೆಂದರೆ ಎರಿನ್ ಆಗಷ್ಟೇ ಹೊಟ್ಟೆಯ ಕೂಸನ್ನು ಕಳೆದುಕೊಂಡಿದ್ದಾಳೆ. ಆ ಪ್ರಶ್ನೆ ಅವಳಿಗೆ ತುರ್ತಿನದ್ದು. ಶೆರಿಫ್ ಹಸನ್ ತಾನು ನ್ಯೂಯಾರ್ಕ್ ಬಿಟ್ಟು ಬಂದ ಕಥೆಯನ್ನು ಉದ್ದಕ್ಕೆ ಹೇಳುವಾಗ ಮಾತ್ರ ಅದು ಪಾತ್ರದ ಮಾತಿಗಿಂತ ಬರಹಗಾರರ ಟಿಪ್ಪಣಿಯಂತೆ ಕೇಳುತ್ತದೆ. ಶಾಲೆಯ ಸಭೆಯಲ್ಲಿ ಅವನು ನುಂಗಿಕೊಂಡ ಮಾತುಗಳೇ ಅದನ್ನೆಲ್ಲ ಆಗಲೇ ಹೇಳಿಯಾಗಿತ್ತು. ಏಳನೇ ಕಂತಲ್ಲಿ ಸಾಯುತ್ತಿರುವ ಎರಿನ್‌ಳ ಕೊನೆಯ ಮಾತನ್ನು ಅರ್ಧಕ್ಕೆ ಇಳಿಸಬಹುದಿತ್ತು. ಬೆಂಕಿ, ಬೆಳಗು, ರೆಕ್ಕೆ ಕತ್ತರಿಸುವ ಚಾಕು, ಇಷ್ಟಿರುವಾಗ ಬ್ರಹ್ಮಾಂಡದ ಪಾಠ ಜಾಸ್ತಿಯಾಗುತ್ತದೆ.

ಮೂರನೆಯದು ಸಣ್ಣದು, ಆದರೆ ಚುಚ್ಚುತ್ತದೆ. ತಪಸ್ಸುಕಾಲ ಪೂರ್ತಿ ಒಬ್ಬ ಅಪರಿಚಿತ ಗುರು ಪೂಜೆ ಮಾಡುತ್ತಾರೆ, ಊರಿನ ಹಿರಿಯ ಮಾನ್ಸಿಂಜೊರ್ ಪತ್ತೆಯಿಲ್ಲ, ಧರ್ಮಪ್ರಾಂತ್ಯದಿಂದ (ಬಿಷಪ್ಪರ ಕಚೇರಿಯಿಂದ) ವಿಚಾರಿಸಿಕೊಂಡು ಬರುವವರು ಯಾರೂ ಇಲ್ಲ. ಕುಂಟುನೆಪದ ಒಂದು ಸಾಲು ಹಾಕಿ ದಾಟಿಸಿಬಿಟ್ಟಿದ್ದಾರೆ. ಪೂಜಾವಸ್ತ್ರದ ಬಣ್ಣಕ್ಕೆ ಅಷ್ಟು ತಲೆಕೆಡಿಸಿಕೊಳ್ಳುವ ಬೆವ್ ಇದನ್ನು ಕೇಳದೇ ಇರುವುದು ನಂಬಲು ಕಷ್ಟ.

ಗುಟ್ಟು ಬೇಡ ಎಂದವರು ಇಲ್ಲಿಂದ ಓದಿ. ಫ್ಲ್ಯಾನಗನ್ ಅವರ 2018ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (10 ಕಂತು) ನೋಡಿ ಇಷ್ಟಪಟ್ಟವರು ಅದೇ ಬಗೆಯ ಬೆಚ್ಚಿಬೀಳಿಸುವಿಕೆ ನಿರೀಕ್ಷಿಸಿದರೆ ನಿರಾಶೆಯಾಗುತ್ತದೆ. ಅಲ್ಲಿ ಚೌಕಟ್ಟಿನ ಮೂಲೆಯಲ್ಲಿ ದೆವ್ವ ಬಚ್ಚಿಟ್ಟಿದ್ದರು, ಹುಡುಕುವುದೇ ಒಂದು ಆಟ. ಇಲ್ಲಿ ದಿಢೀರ್ ಹೆದರಿಸುವ ಕ್ಷಣಗಳು ಬೆರಳೆಣಿಕೆಯಷ್ಟು. ಮೊದಲ ಎರಡು ಕಂತು ನಿಧಾನ, ಬೇಕಂತಲೇ ನಿಧಾನ. ಎರಡನೆಯದರ ಕೊನೆಯ ಹತ್ತು ನಿಮಿಷದ ತನಕ ತಾಳ್ಮೆಯಿರಲಿ, ಅಲ್ಲಿಗೂ ಹಿಡಿಯದಿದ್ದರೆ ಬಿಟ್ಟುಬಿಡಿ, ಮುಂದೆಯೂ ಹಿಡಿಯುವುದಿಲ್ಲ. ದೈವಭಕ್ತರಿಗೆ ನೋವಾಗುತ್ತದಾ ಎಂಬ ಪ್ರಶ್ನೆ ಬರುತ್ತದೆ. ಭಕ್ತಿಯನ್ನು ಗೇಲಿ ಮಾಡುವ ಉದ್ದೇಶ ಇದಕ್ಕಿಲ್ಲ, ಇದರಲ್ಲಿ ಅತ್ಯಂತ ಸಭ್ಯರಾಗಿ ನಡೆದುಕೊಳ್ಳುವವರಲ್ಲಿ ನಂಬಿಕೆಯವರೂ ಇದ್ದಾರೆ, ನಂಬದವರೂ ಇದ್ದಾರೆ.

ಮನೆಯ ಟಿವಿಯಲ್ಲಿ ನೋಡುವವರು ಎರಡು ಸೆಟ್ಟಿಂಗ್ ಬದಲಿಸಿಕೊಳ್ಳಿ. ಚಿತ್ರವನ್ನು ನುಣ್ಣಗೆ ಓಡಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಅದು ಆನ್ ಇದ್ದರೆ ಹಾರರ್ ಕೂಡ ಸಂಜೆಯ ಸೀರಿಯಲ್ ತರ ಕಾಣುತ್ತದೆ. ಬೆಳಕನ್ನು ತಾನೇ ಏರಿಳಿಸುವ ಆಟೋ ಬ್ರೈಟ್‌ನೆಸ್ ಕೂಡ ತೆಗೆಯಿರಿ. ಛಾಯಾಗ್ರಾಹಕ ಮೈಕಲ್ ಫಿಮೊಗ್ನಾರಿ ರಾತ್ರಿ ದೃಶ್ಯಗಳನ್ನು ಕಡಿಮೆ ಬೆಳಕಲ್ಲಿ ತೆಗೆದಿದ್ದಾರೆ, ಮೊಬೈಲಿನಲ್ಲಿ ಹಗಲು ಹೊತ್ತು ನೋಡಿದರೆ ನಾಲ್ಕು ಮತ್ತು ಆರನೇ ಕಂತಿನ ಅರ್ಧ ಬರಿ ಕಪ್ಪು. ಬೈಬಲಿನ ವಾಕ್ಯಗಳು ಸರಸರ ಬರುವುದರಿಂದ ಸಬ್‌ಟೈಟಲ್ ಬೇಕಾಗುತ್ತದೆ, ಆದರೆ ಕಿವಿ ಕೇಳದವರಿಗಾಗಿ ಶಬ್ದಗಳನ್ನೂ ವಿವರಿಸುವ ಸಬ್‌ಟೈಟಲ್ ಆಯ್ದರೆ ಚಾವಣಿಯ ಮೇಲಿನ ಸದ್ದು ಏನೆಂದು ಪರದೆ ಮೊದಲೇ ಬರೆದು ತೋರಿಸಿಬಿಡುತ್ತದೆ. ಬೇರೆ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ. ಐದನೇ ಕಂತಿಗೆ ಮುಂದಿನ ಕಂತು ತಾನಾಗಿ ಓಡುವ ಆಟೋಪ್ಲೇ ನಿಲ್ಲಿಸಿ. ಅದರ ಮುಕ್ತಾಯದ ಮೇಲೆ ಆರನೆಯದನ್ನು ತಕ್ಷಣ ಹೇರಿಕೊಂಡರೆ ಎರಡೂ ಹಾಳು. ಒಂದು ಎರಡು ಒಟ್ಟಿಗೆ, ಮೂರು ನಾಲ್ಕು ಒಟ್ಟಿಗೆ, ಐದು ಒಂಟಿಯಾಗಿ, ಆರು ಏಳು ಒಂದೇ ರಾತ್ರಿ ನೋಡುವುದು ಸರಿಹೋಗುತ್ತದೆ.

ಮಕ್ಕಳ ಎದುರು ಬೇಡವೇ ಬೇಡ. ಅಪಘಾತದಲ್ಲಿ ಸತ್ತ ಹುಡುಗಿಯ ಮುಖ ಮೊದಲ ಕಂತಿನ ಮೊದಲ ನಿಮಿಷಗಳಲ್ಲೇ ಇದೆ. ಪ್ರಾಣಿಗಳ ಸಾವು ಎರಡನೇ ಕಂತಲ್ಲಿ ಎರಡು ಸಲ ಬರುತ್ತದೆ, ನಾಯಿ ಸಾಕಿದವರಿಗೆ ಅದು ಕಷ್ಟ. ಗರ್ಭ ಕಳೆದುಕೊಂಡ ನೋವು ಹಸಿಯಾಗಿರುವವರು ನಾಲ್ಕನೇ ಕಂತನ್ನು ಯೋಚಿಸಿ ನೋಡಿ. ಆರನೇ ಕಂತಲ್ಲಿ ಸಾಮೂಹಿಕ ಆತ್ಮಹತ್ಯೆಯ ದೀರ್ಘ ದೃಶ್ಯವಿದೆ, ಮನಸ್ಸು ಸರಿಯಿಲ್ಲದ ದಿನ ಅದನ್ನು ಮುಟ್ಟಬೇಡಿ, ಒಬ್ಬರೇ ಇದ್ದಾಗಲಂತೂ ಬೇಡ. ಇಷ್ಟು ದಾಟಬಲ್ಲವರಿಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ. ಕಡಿತವಾದ ಅರ್ಧ ವಿಗ್ಗುಗಳಿಗೆ.